ಗಾಲ್ಫ್ ಕೋಲು ಕಟ್ಟಿಕೊಂಡು ಯುದ್ಧಕ್ಕೆ ಹೊರಟ ಹುಡುಗ

1971ರ ಜೂನ್ 13ರಂದು ಸೇನೆಯಲ್ಲಿ ಅಧಿಕಾರಿಯಾದ. ಅದೇ ವರ್ಷ ಡಿಸೆಂಬರ್ 16ರಂದು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಸತ್ತ. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್‌ನ ನೌಕರಿ ಇಷ್ಟೇ, ಆರು ತಿಂಗಳು ಮೂರು ದಿನ. ಎಷ್ಟೋ ಕಡೆ ಹೊಸಬರ ಪ್ರೊಬೇಷನ್ ಕೂಡ ಇಷ್ಟು ಬೇಗ ಮುಗಿಯುವುದಿಲ್ಲ. ಅವನು ಹುಟ್ಟಿದ್ದು 1950ರ ಅಕ್ಟೋಬರ್ 14, ಪುಣೆಯಲ್ಲಿ. ಅಂದರೆ ಸಾಯುವಾಗ 21 ತುಂಬಿ ಎರಡು ತಿಂಗಳಾಗಿತ್ತು.

ಪರಮವೀರ ಚಕ್ರ ಪಡೆದವರನ್ನು ‘ಅವರು’ ಅಂತ ಬರೆಯಬೇಕು, ಗೊತ್ತು. ಆದರೆ ನನಗೀಗ 21 ದಾಟಿ ಎಷ್ಟೋ ಕಾಲವಾಯಿತು. ಆ ವಯಸ್ಸಿನ ಹುಡುಗನನ್ನು ಬಹುವಚನದಲ್ಲಿ ಕರೆದರೆ ಅವನು ದೂರ ಹೋಗಿಬಿಡುತ್ತಾನೆ. ಹಾಗಾಗಿ ಇಲ್ಲಿ ಏಕವಚನ. ಮನೆ ಹುಡುಗ ಅಂದುಕೊಂಡೇ ಬರೆಯುತ್ತಿದ್ದೇನೆ.

ಡಿಸೆಂಬರ್ ಬಂತೆಂದರೆ ಅವನ ಫೋಟೋ ಮೊಬೈಲಿಗೆ ಬರಲು ಶುರುವಾಗುತ್ತದೆ. ಹಿಂದೆ ಬೆಂಕಿ, ಹೊಗೆ, ಹಾರಾಡುವ ಧ್ವಜ. ಕೆಳಗೆ ದೊಡ್ಡ ದೊಡ್ಡ ಪದಗಳು. ಒಬ್ಬನೇ ಹತ್ತು ಟ್ಯಾಂಕ್ ಹೊಡೆದ ಅಂತ ಒಂದು. ಒಬ್ಬನೇ ಯುದ್ಧ ಗೆಲ್ಲಿಸಿದ ಅಂತ ಇನ್ನೊಂದು. ಕಳಿಸಿದವರ ಭಾವನೆ ಒಳ್ಳೆಯದೇ, ಅನುಮಾನವಿಲ್ಲ. ಆದರೂ ಅದನ್ನು ನೋಡಿದಾಗ ನನಗೆ ಏನೋ ಕಸಿವಿಸಿ. ಆ ಬೆಂಕಿ ಹೊಗೆಯ ಮಧ್ಯೆ ಆ ಹುಡುಗ ಕಾಣುವುದೇ ಇಲ್ಲ ಅಲ್ವಾ?

ಹುಡುಗ ಕಾಣುವುದು ಬೇರೆ ಕಡೆ. ಯುದ್ಧ ಶುರುವಾಗುವ ಮೊದಲು ಅವನು ಅಹಮದ್‌ನಗರದ (ಈಗ ಅಹಿಲ್ಯಾನಗರ) ಆರ್ಮರ್ಡ್ ಕೋರ್ ಶಾಲೆಯಲ್ಲಿ ಹೊಸ ಅಧಿಕಾರಿಗಳ ಕೋರ್ಸ್ ಮಾಡುತ್ತಿದ್ದ. ಟ್ಯಾಂಕ್ ಪಡೆಗೆ ಸೇರಿದವರಿಗೆಲ್ಲ ಇದು ಆಗಲೇಬೇಕಾದ ತರಬೇತಿ. ಅದು ಅರ್ಧಕ್ಕೇ ನಿಂತಿತು, ರೆಜಿಮೆಂಟಿಗೆ ವಾಪಸ್ ಬನ್ನಿ ಅಂತ ಕರೆ ಬಂತು. ಹೊರಡುವಾಗ ಸಾಮಾನಿನಲ್ಲಿ ಗಾಲ್ಫ್ ಕೋಲುಗಳನ್ನೂ, ಔತಣಕ್ಕೆ ಹಾಕಿಕೊಳ್ಳುವ ನೀಲಿ ಸಮವಸ್ತ್ರವನ್ನೂ ಇಟ್ಟುಕೊಂಡನಂತೆ. ಯುದ್ಧಕ್ಕೆ ಇವೆಲ್ಲ ಯಾಕಪ್ಪಾ ಅಂದರೆ, ಲಾಹೋರಿನಲ್ಲಿ ಗಾಲ್ಫ್ ಆಡ್ತೀನಿ, ಗೆದ್ದ ಮೇಲೆ ಪಾರ್ಟಿ ಇದ್ದೇ ಇರುತ್ತೆ, ಆಗ ಬಟ್ಟೆ ಬೇಡವಾ ಅಂದನಂತೆ.

ಯಾವ ಭಾಷಣಕ್ಕಿಂತಲೂ ನನಗೆ ಈ ಗಾಲ್ಫ್ ಕೋಲು ಜಾಸ್ತಿ ಹೇಳುತ್ತದೆ. ಸಾಯಲು ಹೊರಟವನು ಪಾರ್ಟಿ ಬಟ್ಟೆ ಮಡಿಸಿ ಇಟ್ಟುಕೊಳ್ಳುವುದಿಲ್ಲ. ಅವನು ವಾಪಸ್ ಬರುವವನಿದ್ದ. ‘ದೇಶಕ್ಕಾಗಿ ಪ್ರಾಣ ಕೊಡಲು ಹಾತೊರೆಯುತ್ತಿದ್ದ’ ಅಂತ ನಾವು ಸುಲಭವಾಗಿ ಬರೆದುಬಿಡುತ್ತೇವೆ. ಹಾತೊರೆಯುತ್ತಿದ್ದದ್ದು ಗೆದ್ದು ಬಂದು ಕುಣಿಯುವುದಕ್ಕೆ. ಬದುಕಬೇಕು ಅಂತ ಅಷ್ಟು ಆಸೆ ಇಟ್ಟುಕೊಂಡವನು ಸಾಯುವ ಜಾಗದಲ್ಲಿ ನಿಂತ. ಅದರ ಬೆಲೆ ಇರುವುದೇ ಅಲ್ಲಿ.

ಇನ್ನು ಆ ದಿನದ ಕತೆ. ಜಮ್ಮುವಿನ ದಕ್ಷಿಣಕ್ಕೆ ಗಡಿಯಾಚೆ ಶಕರ್‌ಗಢ ಅನ್ನುವ ಪ್ರದೇಶವಿದೆ. ನಕ್ಷೆಯಲ್ಲಿ ನೋಡಿದರೆ ಪಾಕಿಸ್ತಾನದ ನೆಲ ಅಲ್ಲಿ ಭಾರತದೊಳಕ್ಕೆ ಉಬ್ಬಿಕೊಂಡು ಬಂದಿದೆ. ಪಠಾಣ್‌ಕೋಟ್‌ನಿಂದ ಜಮ್ಮುವಿಗೆ ಹೋಗುವ ದಾರಿ ಅದಕ್ಕೆ ತೀರಾ ಹತ್ತಿರ. ಆ ದಾರಿ ಕೈತಪ್ಪಿದರೆ ಕಾಶ್ಮೀರದ ಸಂಪರ್ಕಕ್ಕೇ ಕುತ್ತು. ಹಾಗಾಗಿ ಎರಡೂ ಕಡೆಯವರಿಗೆ ಆ ಜಾಗದ ಮೇಲೆ ಕಣ್ಣು. ಅಲ್ಲಿ ಬಸಂತರ್ ಅಂತ ಒಂದು ನದಿ. ಡಿಸೆಂಬರ್ 15ರ ರಾತ್ರಿ ನಮ್ಮ ಕಾಲಾಳುಗಳು ನದಿ ದಾಟಿ ಆಚೆ ದಡದಲ್ಲಿ ಜಾಗ ಹಿಡಿದರು. ಆದರೆ ಅವರ ಬೆನ್ನಿಗೆ ಟ್ಯಾಂಕ್‌ಗಳು ಬೇಕು. ದಾರಿಯ ತುಂಬಾ ನೆಲಬಾಂಬ್. ಎಂಜಿನಿಯರ್‌ಗಳು ಅವನ್ನು ಕಿತ್ತು ದಾರಿ ಮಾಡುತ್ತಿದ್ದರು, ಕೆಲಸ ಇನ್ನೂ ಮುಗಿದಿರಲಿಲ್ಲ. ಆಚೆ ದಡದಲ್ಲಿ ಶತ್ರು ಟ್ಯಾಂಕ್‌ಗಳ ಸದ್ದು ಕೇಳುತ್ತಿತ್ತು. ಕಾಯುವ ಹಾಗಿರಲಿಲ್ಲ. 17 ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳು ಪೂರ್ತಿ ತೆರವಾಗದ ಆ ನೆಲದ ಮೇಲೆಯೇ ಸಾಗಿ ಬೆಳಗಾಗುವ ಮೊದಲು ಆಚೆ ತಲುಪಿದವು.

16ರ ಬೆಳಗ್ಗೆ ಪಾಕಿಸ್ತಾನದ 13 ಲ್ಯಾನ್ಸರ್ಸ್ ರೆಜಿಮೆಂಟಿನ ಪ್ಯಾಟನ್ ಟ್ಯಾಂಕ್‌ಗಳು ತಿರುಗಿಬಿದ್ದವು. ಎದುರಿಗಿದ್ದ ನಮ್ಮ ಸ್ಕ್ವಾಡ್ರನ್ ಸಹಾಯ ಕೇಳಿತು. ಪಕ್ಕದ ಸ್ಕ್ವಾಡ್ರನ್ನಿನಲ್ಲಿದ್ದ ಅರುಣ್ ರೇಡಿಯೋದಲ್ಲಿ ಅದನ್ನು ಕೇಳಿಸಿಕೊಂಡು ತನ್ನ ಸೆಂಚುರಿಯನ್ ಟ್ಯಾಂಕ್ ತೆಗೆದುಕೊಂಡು ಹೊರಟ. ಆ ಟ್ಯಾಂಕಿನ ಹೆಸರು ಫಾಮಗುಸ್ತಾ. ದಾರಿಯಲ್ಲೇ ಶತ್ರುವಿನ ಬಂಕರ್‌ಗಳಿಂದ ಗುಂಡು ಬಿತ್ತು. ಅವನ ತುಕಡಿಯ ಇನ್ನೊಂದು ಟ್ಯಾಂಕಿನ ಕಮಾಂಡರ್ ಅಲ್ಲೇ ಸತ್ತ. ಅರುಣ್ ನಿಲ್ಲಲಿಲ್ಲ.

ಕೊನೆಗೆ ಎದುರಾಳಿಯ ದೊಡ್ಡ ದಾಳಿಗೆ ಅಡ್ಡ ಉಳಿದದ್ದು ನಮ್ಮ ಮೂರು ಟ್ಯಾಂಕ್. ಒಂದಕ್ಕೆ ಏಟು ಬಿತ್ತು. ಇನ್ನೊಂದರ ಗನ್ ಕೆಟ್ಟಿತು. ಮೂರನೆಯದು ಅರುಣ್‌ನದು. ಅದಕ್ಕೂ ಬೆಂಕಿ ಹತ್ತಿಕೊಂಡಿತ್ತು, ಅವನಿಗೂ ಗಾಯವಾಗಿತ್ತು. ಟ್ಯಾಂಕ್ ಬಿಟ್ಟು ವಾಪಸ್ ಬಾ ಅಂತ ರೇಡಿಯೋದಲ್ಲಿ ಆದೇಶ ಬಂತು. “ಇಲ್ಲ ಸರ್, ಟ್ಯಾಂಕ್ ಬಿಡೋದಿಲ್ಲ. ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ” ಅಂದ. ಅದರ ಹಿಂದೆಯೇ ಶತ್ರುಗಳಿಗೆ ಒಂದು ಬೈಗುಳವೂ ಬಂತು. ಆಮೇಲೆ ರೇಡಿಯೋ ಆಫ್ ಮಾಡಿದ. ಇನ್ನೂ ಒಂದು ಟ್ಯಾಂಕ್ ಹೊಡೆದ. ಅಷ್ಟರಲ್ಲಿ ಫಾಮಗುಸ್ತಾಕ್ಕೆ ಎರಡನೇ ಏಟು ಬಿತ್ತು.

ಬೈಗುಳವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹುತಾತ್ಮ ಬೈಯಬಾರದು ಅಂತ ಏನೋ! ನನಗಂತೂ ಅದು ಇರಲೇಬೇಕು. 21ರ ಹುಡುಗ, ಸುಡುವ ಕಬ್ಬಿಣದ ಡಬ್ಬಿಯೊಳಗೆ ಕೂತು ಬೈಯದೆ ಇನ್ನೇನು ಮಂತ್ರ ಹೇಳುತ್ತಾನಾ?

ಹೋದ ವರ್ಷ ಅಕ್ಕನ ಮಗಳಿಗೆ ಶಾಲೆಯಲ್ಲಿ ವಿಜಯ ದಿವಸದ ಭಾಷಣ. ಬರೆದುಕೊಡು ಮಾಮ ಅಂತ ಬಂದಳು. ನಾನು ಬರೆಯಲಿಲ್ಲ, ಕತೆ ಹೇಳಿದೆ. ಅವಳೇ ಬರೆದುಕೊಂಡಳು. ಟೀಚರ್ ಗಾಲ್ಫ್ ವಿಷಯ ಹೊಡೆದುಹಾಕಿ, ‘ನಾಲ್ಕು ಟ್ಯಾಂಕ್’ ಅನ್ನುವುದನ್ನು ‘ಹತ್ತು’ ಅಂತ ತಿದ್ದಿದ್ದರು. ಇಂಟರ್‌ನೆಟ್ಟಿನಲ್ಲಿ ಹಾಗೇ ಇದೆಯಂತೆ. ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿ ಸ್ಪಷ್ಟವಾಗಿದೆ: ಆ ಕಾಳಗದಲ್ಲಿ ಶತ್ರುಗಳ ಹತ್ತು ಟ್ಯಾಂಕ್ ನಾಶವಾದವು, ಅದರಲ್ಲಿ ನಾಲ್ಕನ್ನು ಹೊಡೆದವನು ಅರುಣ್. ಉಳಿದವನ್ನು ಹೊಡೆದವರೂ ಮನುಷ್ಯರೇ ಅಲ್ವಾ? ಅವರ ಪಾಲನ್ನು ಕಿತ್ತು ಇವನಿಗೆ ಹಾರ ಹಾಕಿದರೆ ಇವನೇ ಒಪ್ಪುತ್ತಿರಲಿಲ್ಲ. ಆ ಟ್ಯಾಂಕಿನಲ್ಲೂ ಇವನೊಬ್ಬನೇ ಇರಲಿಲ್ಲ. ಸೆಂಚುರಿಯನ್ ಓಡಿಸಲು ನಾಲ್ಕು ಜನ ಬೇಕು. ಓಡಿಸುವವನು, ಗುರಿ ಹಿಡಿದು ಹೊಡೆಯುವವನು, ಗುಂಡು ತುಂಬಿ ರೇಡಿಯೋ ನೋಡಿಕೊಳ್ಳುವವನು, ಕಮಾಂಡರ್. ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ ಅಂತ ಅರುಣ್ ಅಂದಾಗ ಆ ಗನ್ನಿನ ಹಿಂದೆ ಇನ್ನೊಬ್ಬನ ಕೈ ಇತ್ತು. ಆ ಕೈಯವನ ಬಗ್ಗೆ ಫಾರ್ವರ್ಡ್ ಬರುವುದಿಲ್ಲ.

ಉತ್ಪ್ರೇಕ್ಷೆ ಮಾಡುವುದೆಂದರೆ ‘ಇದ್ದದ್ದು ಸಾಲದು’ ಅಂದ ಹಾಗೆ. ನಾಲ್ಕು ಸಾಲದಾ? ಹಾಗಂತ ಟೀಚರಿಗೆ ಹೇಳು ಅಂದೆ. ಹೇಳಿದಳೋ ಇಲ್ಲವೋ ಕೇಳಲಿಲ್ಲ.

ಅದೇ ಡಿಸೆಂಬರ್ 16ರ ಸಂಜೆ ಆಗಿನ ಪೂರ್ವ ಪಾಕಿಸ್ತಾನದ ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ. ಮರುದಿನ ಪಶ್ಚಿಮದಲ್ಲೂ ಕದನವಿರಾಮವಾಯಿತು. ದೇಶವೆಲ್ಲ ಸಂಭ್ರಮ. ಅರುಣ್‌ನ ಮನೆಯವರೂ ಮಗ ಬರುತ್ತಾನೆ ಅಂತಲೇ ಕಾಯುತ್ತಿದ್ದರು. ಅವನಿಲ್ಲ ಅನ್ನುವ ಸುದ್ದಿ ಮನೆ ಮುಟ್ಟಿದ್ದು ಯುದ್ಧ ಮುಗಿದ ಮೇಲೆ.

ಇದಾದ 30 ವರ್ಷಕ್ಕೆ ನಡೆದದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅರುಣ್‌ನ ತಂದೆ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲ್ ಕೂಡ ಸೇನೆಯವರೇ, ಎಂಜಿನಿಯರ್ಸ್ ವಿಭಾಗದವರು. ಹುಟ್ಟಿದ ಊರು ಸರ್ಗೋಧಾ. ದೇಶ ಇಬ್ಭಾಗವಾದಾಗ ಅದು ಆಚೆ ಉಳಿಯಿತು. 2001ರಲ್ಲಿ, 81ನೇ ವಯಸ್ಸಿನಲ್ಲಿ, ಒಮ್ಮೆ ನೋಡಿಬರಬೇಕು ಅಂತ ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಇರಿಸಿಕೊಂಡವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್. ಆ ಮನೆಯವರ ಉಪಚಾರ ನೋಡಿ ಮುದುಕರಿಗೆ ಆಶ್ಚರ್ಯವಾಯಿತಂತೆ. ಇಷ್ಟೊಂದು ಯಾಕೆ?

ಹೊರಡುವ ಮುಂಚಿನ ರಾತ್ರಿ ನಾಸೆರ್ ಬಾಯಿಬಿಟ್ಟರು. ಎಷ್ಟೋ ವರ್ಷದಿಂದ ನಿಮಗೆ ಒಂದು ವಿಷಯ ಹೇಳಬೇಕು ಅಂತಿದ್ದೆ, ದಾರಿ ಇರಲಿಲ್ಲ. ಆ ದಿನ ನಾನು 13 ಲ್ಯಾನ್ಸರ್ಸ್‌ನಲ್ಲಿ ಮೇಜರ್ ಆಗಿದ್ದೆ. ನಿಮ್ಮ ಮಗನೂ ನಾನೂ ಎದುರುಬದುರಾಗಿದ್ದೆವು. ಅವನು ಸತ್ತದ್ದು ನನ್ನ ಕೈಯಲ್ಲಿ. ಮಾತಿನ ಸಾರ ಇದು. ನಿಮ್ಮ ಮಗ ಎಂಥ ಧೈರ್ಯಶಾಲಿ ಅನ್ನುವುದನ್ನೂ, ತಮ್ಮ ದಾಳಿ ಅವನೊಬ್ಬನಿಂದ ಹೇಗೆ ನಿಂತಿತು ಅನ್ನುವುದನ್ನೂ ಹೇಳಿದರು. ತಂದೆಗೆ ಏನು ಹೇಳಬೇಕೋ ತೋಚಲಿಲ್ಲವಂತೆ.

ಯೋಚಿಸಿ ನೋಡಿ. ಮೂರು ದಿನ ಅನ್ನ ಹಾಕಿದ ಕೈ. ಮಗನನ್ನು ಕೊಂದ ಕೈಯೂ ಅದೇ. ಎದ್ದು ಹೋಗುವುದಾ? ಎಲ್ಲಿಗೆ ಹೋಗುವುದು, ಪರದೇಶ, ರಾತ್ರಿ ಬೇರೆ. ಬಯ್ಯುವುದಾ? ಅವನೂ ಡ್ಯೂಟಿಯಲ್ಲಿದ್ದ ಸಿಪಾಯಿ. ತಾನೂ ಸಿಪಾಯಿ, ಅದು ಗೊತ್ತಾಗದೆ ಇರುತ್ತದಾ? ಕ್ಷಮಿಸಿದೆ ಅನ್ನುವುದಾ? ಕ್ಷಮೆ ಕೇಳುವಂಥ ತಪ್ಪನ್ನು ಅವನು ಮಾಡಿದ್ದಾನೆಯೇ ಅನ್ನುವುದೇ ಪ್ರಶ್ನೆ. ಈ ಘಟನೆಯನ್ನು ಕೆಲವರು ‘ಶಾಂತಿ ಸಂದೇಶ’ ಮಾಡಿಬಿಡುತ್ತಾರೆ. ಇನ್ನು ಕೆಲವರು ‘ಶತ್ರುವೇ ತಲೆಬಾಗಿದ’ ಅಂತ ಮೀಸೆ ತಿರುವುತ್ತಾರೆ. ನನಗೆ ಎರಡೂ ಅವಸರ ಅನ್ನಿಸುತ್ತದೆ. ಆ ರಾತ್ರಿ ಇಬ್ಬರು ಮುದುಕರು ಒಂದೇ ಹುಡುಗನ ಬಗ್ಗೆ ಮಾತಾಡಿದರು. ಒಬ್ಬರಿಗೆ ಅವನ 21 ವರ್ಷ ಗೊತ್ತಿತ್ತು. ಇನ್ನೊಬ್ಬರಿಗೆ ಅವನ ಕೊನೆಯ ಕೆಲವು ನಿಮಿಷ ಗೊತ್ತಿತ್ತು. ಆ ನಿಮಿಷಗಳು ಹೇಗಿದ್ದವು ಅಂತ ತಂದೆ 30 ವರ್ಷ ಎಷ್ಟು ಸಲ ಕೇಳಿಕೊಂಡಿರಬಹುದು. ಉತ್ತರ ಇದ್ದದ್ದು ಆ ಮನೆಯಲ್ಲಿ.

ಮುಂದೆ ನಾಸೆರ್ ಕಡೆಯಿಂದ ದೆಹಲಿಗೆ ಫೋಟೋ ಬಂತು. ಜೊತೆಗೆ ಅರುಣ್‌ನ ಹೆಸರಿಗೇ ಬರೆದ ಒಂದು ಸಾಲು. ಗೆಲುವಿಗೂ ಸೋಲಿಗೂ ನಡುವೆ ದಾಟಲಾಗದ ಬಂಡೆಯ ಹಾಗೆ ನಿಂತವನಿಗೆ, ಅಂತ. ತಾರೀಕು 2001ರ ಮಾರ್ಚ್ 2. ಅದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಾವು ಬಡಾ ಪಿಂಡ್ ಅನ್ನುವ ಕಾಳಗ, ಪೂನಾ ಹಾರ್ಸ್‌ನವರು ಬಸಂತರ್ ಅಂತ ನೆನೆಯುವ ಕಾಳಗ, ಅಂತ ಎರಡೂ ಹೆಸರು ಬರೆದಿದ್ದಾರೆ. ಯಾವ ರೆಜಿಮೆಂಟ್, ಯಾವ ದಿನ, ಯಾವ ಜಾಗ, ಏನನ್ನು ತಡೆದ, ಎಲ್ಲ ಅಲ್ಲಿದೆ. ಹೊಗಳಿಕೆ ಇದೆ, ಸುಳ್ಳಿಲ್ಲ. ನಾನು ಓದಿದ ಶ್ರದ್ಧಾಂಜಲಿಗಳಲ್ಲಿ ಇದಕ್ಕಿಂತ ಚೆನ್ನಾಗಿರುವುದು ಸಿಕ್ಕಿಲ್ಲ. ಬರೆದವರು ಎದುರಾಳಿ ಅನ್ನುವ ಕಾರಣಕ್ಕಲ್ಲ, ಕಣ್ಣಾರೆ ಕಂಡವರು ಅನ್ನುವ ಕಾರಣಕ್ಕೆ.

ಅದೇ ಕಾಳಗದಲ್ಲಿ ಇದು ಉಲ್ಟಾ ಕೂಡ ನಡೆದಿದೆ. ಡಿಸೆಂಬರ್ 17ರಂದು ಪಾಕಿಸ್ತಾನದ ಲೆಫ್ಟಿನೆಂಟ್ ಕರ್ನಲ್ ಅಕ್ರಂ ರಾಜಾ ತನ್ನ ತುಕಡಿಯ ಮುಂದೆ ನಿಂತು ನಮ್ಮ 3 ಗ್ರೆನೇಡಿಯರ್ಸ್ ಮೇಲೆ ನುಗ್ಗಿ ಬಂದು ಸತ್ತರು. ಅವರ ಧೈರ್ಯ ಕಂಡ ನಮ್ಮ ಕಮಾಂಡರ್ ವಿ. ಪಿ. ಐರಿ ಅದನ್ನು ಬರೆದು ಅವರ ದೇಹದ ಜೊತೆ ಆ ಕಡೆಗೆ ಕೊಟ್ಟರು. ಮುಂದೆ ಪಾಕಿಸ್ತಾನ ಅವರಿಗೆ ಹಿಲಾಲ್-ಎ-ಜುರ್ರತ್ ಅನ್ನುವ ಶೌರ್ಯ ಪದಕ ಕೊಟ್ಟಿತು. ಹೊಡೆದಾಡಿದವರು ಇಷ್ಟು ನೇರವಾಗಿರುತ್ತಾರೆ. ಸೋಫಾದಲ್ಲಿ ಕೂತು ಫಾರ್ವರ್ಡ್ ಮಾಡುವ ನಮಗೇ ಆರ್ಭಟ ಜಾಸ್ತಿ.

ಅರುಣ್‌ಗೆ ಸಿಗಬೇಕಾದದ್ದು ಸಿಕ್ಕಿದೆ, ಅದನ್ನೂ ಹೇಳಬೇಕು. ಪರಮವೀರ ಚಕ್ರ ಸಿಕ್ಕಿತು. ಅವನು ಓದಿದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೇಡ್ ಮೈದಾನಕ್ಕೆ ಅವನ ಹೆಸರಿದೆ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದ 21 ಜನರ ಹೆಸರಿಟ್ಟರು, ಅದರಲ್ಲಿ ಒಂದು ಇವನದು. ಫಾಮಗುಸ್ತಾ ಈಗ ಅಹಮದ್‌ನಗರದಲ್ಲಿದೆ. ಕೋರ್ಸ್ ಅರ್ಧಕ್ಕೆ ಬಿಟ್ಟು ಹೋದ ಅದೇ ಶಾಲೆಗೆ ಅವನ ಟ್ಯಾಂಕ್ ಬಂದು ಕೂತಿದೆ.

ಆದರೆ ಕತೆಯೇ ಇಲ್ಲದೆ ಸಾಯುವವರೂ ಇದ್ದಾರಲ್ಲ? ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಸೈನಿಕರಿದ್ದಾರೆ. ಅಲ್ಲಿ ಗುಂಡಿಗಿಂತ ಚಳಿ, ಹಿಮಪಾತ, ಗಾಳಿಯ ಅಭಾವಕ್ಕೆ ಸತ್ತವರೇ ಜಾಸ್ತಿ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅಡಿಯಲ್ಲಿ ಸಿಕ್ಕಿಕೊಂಡರು. ಆರು ದಿನದ ಮೇಲೆ ಅಷ್ಟು ಹಿಮದ ಕೆಳಗೆ ಒಬ್ಬ ಉಸಿರಾಡುತ್ತಿದ್ದ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಿಮಗೂ ನೆನಪಿರುತ್ತದೆ. ಟಿವಿ ಮುಂದಿನಿಂದ ಯಾರೂ ಏಳಲಿಲ್ಲ. ಗೊತ್ತಿಲ್ಲದವರೂ ದೇವರಿಗೆ ಹರಕೆ ಹೊತ್ತರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ವಯಸ್ಸು 33.

ಉಳಿದ ಒಂಬತ್ತು ಜನರಲ್ಲಿ ಇಬ್ಬರು ನಮ್ಮ ರಾಜ್ಯದವರೇ. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ. ಈ ಎರಡು ಹೆಸರು ಎಷ್ಟು ಜನಕ್ಕೆ ಬಾಯಲ್ಲಿದೆ? ಪವಾಡ ಆಗಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ. ಶತ್ರುವಿಲ್ಲ, ಟ್ಯಾಂಕ್ ಇಲ್ಲ, ರೇಡಿಯೋದಲ್ಲಿ ಕೊನೆಯ ಮಾತಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗಿದ್ದರೋ, ಸ್ಟೋವ್ ಹಚ್ಚುತ್ತಿದ್ದರೋ. ಅಲ್ಲಿರು ಅಂದರು, ಅಲ್ಲಿದ್ದರು. ಅಷ್ಟೇ. ಧೈರ್ಯ ಅನ್ನುವುದು ಅಲ್ಲಿರುವುದರಲ್ಲೇ ಆಗಿಹೋಗಿತ್ತು.

ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಇಟ್ಟಿಗೆ ಗಾತ್ರದ ಗ್ರಾನೈಟ್ ಕಲ್ಲುಗಳು. ಒಂದೊಂದರಲ್ಲೂ ಹೆಸರು, ಹುದ್ದೆ, ರೆಜಿಮೆಂಟ್. ಪದಕ ಬಂದವನಿಗೂ ಬಾರದವನಿಗೂ ಅದೇ ಅಳತೆಯ ಕಲ್ಲು. ಅದು ನನಗೆ ತುಂಬಾ ಇಷ್ಟವಾಯಿತು. ನನ್ನದೊಂದು ತಕರಾರೂ ಇದೆ. ವಯಸ್ಸನ್ನೂ ಕೆತ್ತಬಹುದಿತ್ತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಕಲ್ಲುಗಳಲ್ಲಿ ವಯಸ್ಸು ಇರುತ್ತದೆ. ಕೆಳಗೆ ಮನೆಯವರು ಬಯಸಿದ ಒಂದು ಸಾಲೂ ಇರುತ್ತದೆ. ಮೊದಲ ಮಹಾಯುದ್ಧದ ಕಲ್ಲುಗಳಲ್ಲಿ ಆ ಸಾಲಿಗೆ ಜಾಗ ಹೆಚ್ಚೆಂದರೆ 66 ಅಕ್ಷರ. 19, 22, 20 ಅಂತ ಒಂದರ ಪಕ್ಕ ಒಂದು ಓದುತ್ತಾ ಹೋದರೆ ಯಾವ ವ್ಯಾಖ್ಯಾನವೂ ಬೇಕಾಗುವುದಿಲ್ಲ.

ನನ್ನ ಗೆಳೆಯನೊಬ್ಬನ ತಮ್ಮನೂ ಹೀಗೆ ಕತೆಯಿಲ್ಲದೆ ಹೋದವನು. ಗುಡ್ಡದ ರಸ್ತೆಯಲ್ಲಿ ಸೇನೆಯ ಗಾಡಿ ಜಾರಿತು. 24 ವರ್ಷ. ಆ ವರ್ಷ ಮನೆಗೆ ಜನವೋ ಜನ. ಶಾಲು, ಹಾರ, ಫೋಟೋ. ನಿಮ್ಮ ಮಗ ಇಡೀ ದೇಶದ ಮಗ ಅನ್ನುತ್ತಿದ್ದರು. ಅವರ ಅಮ್ಮ ತಲೆ ಅಲ್ಲಾಡಿಸಿ, ಟೀ ಕೊಟ್ಟು ಕಳಿಸುತ್ತಿದ್ದರು. ಮಾರನೇ ವರ್ಷಕ್ಕೆ ಜನ ಕಮ್ಮಿಯಾದರು. ಅದೂ ಸಹಜವೇ. ಆದರೆ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಒಬ್ಬ ಹುಡುಗ ಮಾತ್ರ ಈಗಲೂ ಫೋನ್ ಮಾಡುತ್ತಾನೆ. ಅವನಿಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಗೆಳೆಯ ಸ್ಪೀಕರ್ ಹಾಕಿ ಮಧ್ಯೆ ಕೂತುಕೊಳ್ಳುತ್ತಾನೆ. ಪ್ರತಿ ಸಲವೂ ಆ ಹುಡುಗ ಇವರ ಮಗನ ಬಗ್ಗೆ ಏನಾದರೂ ಒಂದು ಹೊಸ ವಿಷಯ ಹೇಳುತ್ತಾನೆ. ಬೇರೆಯವರ ಬೂಟು ಪಾಲಿಶ್ ಮಾಡಿಕೊಟ್ಟು ಕ್ಯಾಂಟೀನ್ ಸಾಲ ತೀರಿಸಿದ್ದು. ಮೊದಲ ಸಲ ಹಿಮ ನೋಡಿ ಬಾಯಿಗೆ ಹಾಕಿಕೊಂಡದ್ದು. ಅಮ್ಮನಿಗೆ ಅದು ವರ್ಷಕ್ಕಾಗುವಷ್ಟು ಮಾತು. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ.

ಕಳೆದ ಸಲ ಆ ಹುಡುಗ, ನಿಮ್ಮ ಮಗ ಎಷ್ಟು ಗೊರಕೆ ಹೊಡೀತಿದ್ದ ಅಂದರೆ ನಾವು ಬೂಟು ಎಸೆದು ಎಬ್ಬಿಸ್ತಿದ್ವಿ ಅಂದನಂತೆ. ಅಮ್ಮ ಒಪ್ಪಲೇ ಇಲ್ಲ. ನಾನು ಹೋದಾಗಲೂ ಅದೇ ಜಗಳ ನಡೆದಿತ್ತು. “ನಮ್ಮನೇಲಿ ಒಂದು ದಿನ ಗೊರಕೆ ಹೊಡೆದವನಲ್ಲ ಕಣೋ ಅವನು. ಆ ಚಳಿಗೆ ಮೂಗು ಕಟ್ಟಿರಬೇಕು. ಇಲ್ಲಾಂದ್ರೆ ಈ ಹುಡುಗ ಬೇರೆ ಯಾರನ್ನೋ ಹೇಳ್ತಿದಾನೆ. ಮುಂದಿನ ಸಲ ಫೋನ್ ಮಾಡ್ಲಿ, ವಿಚಾರಿಸ್ತೀನಿ.”